ಬಾಯಿ ಒಣಗಿದರೆ ನೀರು ಕುಡಿ ಅನ್ನುವ ಮೊದಲು

ಕನ್ನಡದಲ್ಲಿ ಬಾಯಿ ಒಣಗುವುದು ಅಂದರೆ ಸಾಮಾನ್ಯವಾಗಿ ಎರಡೇ ಅರ್ಥ. ಒಂದು ಬಾಯಾರಿಕೆ, ಇನ್ನೊಂದು ಭಯ. ಕ್ಲೈಂಟ್ ಮುಂದೆ ಡೆಮೋ ಕೊಡುವಾಗ ನಮಗೆಲ್ಲ ಒಣಗುತ್ತಲ್ಲ, ಅದು ಎರಡನೇದು :) ಎರಡಕ್ಕೂ ನಮ್ಮ ಮನೆಗಳಲ್ಲಿ ಮದ್ದು ಒಂದೇ, ಒಂದು ಲೋಟ ನೀರು.

ಮೂರನೆಯ ಅರ್ಥ ಒಂದಿದೆ. ಕೀಲುನೋವಿನವರ ಬಾಯಿ ಒಣಗುವುದು. ರುಮಟಾಯ್ಡ್ ಆರ್ಥ್ರೈಟಿಸ್ (ಮುಂದೆ ಆರ್‌ಎ ಅಂತಲೇ ಬರೀತೀನಿ) ಇರುವವರಲ್ಲಿ ಕೆಲವರಿಗೆ ಬೆರಳ ಗೆಣ್ಣುಗಳ ಜೊತೆಗೆ ಬಾಯಿ, ಕಣ್ಣು ಕೂಡ ಒಣಗುತ್ತವೆ. ಇಲ್ಲಿ ನೀರಿನ ಕೊರತೆ ಇಲ್ಲ, ಜೊಲ್ಲಿನ ಕೊರತೆ ಇದೆ. ಗೆಣ್ಣಿಗೂ ನಾಲಿಗೆಗೂ ಏನು ಸಂಬಂಧ ಅಂತ ಕಂಡುಕೊಳ್ಳಲು ವೈದ್ಯಲೋಕಕ್ಕೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ಕಥೆ ಇಲ್ಲಿದೆ.

ಮೊದಲು ಜೊಲ್ಲಿನ ಬಗ್ಗೆ ಎರಡು ಮಾತು. ಎಂಜಲು ಅಂದರೆ ನಮಗೆ ಮೈಲಿಗೆ. ಆದರೆ ಅದು ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಊರುತ್ತದೆ. ಅನ್ನವನ್ನು ಜಾರಿಸುತ್ತದೆ, ಹುಳಿಯನ್ನು ತಟಸ್ಥ ಮಾಡುತ್ತದೆ, ಹಲ್ಲಿಗೆ ಕ್ಯಾಲ್ಸಿಯಂ ಫಾಸ್ಫೇಟ್ ಕೊಟ್ಟು ರಿಪೇರಿ ಮಾಡುತ್ತಾ ಇರುತ್ತದೆ. ನೀರು ಬಾಯನ್ನು ಒದ್ದೆ ಮಾಡಬಹುದು, ಈ ಕೆಲಸಗಳನ್ನು ಮಾಡಲಾರದು.

ನಮ್ಮಲ್ಲಿ ಇದನ್ನು ಯಾರೂ ಬರೆದಿರಲಿಲ್ಲವೇ? ಸುಮಾರು 7-8ನೇ ಶತಮಾನದ ಮಾಧವಕರನ ‘ಮಾಧವ ನಿದಾನ’ದಲ್ಲಿ ಆಮವಾತ ಎಂಬ ರೋಗಕ್ಕೆ ಒಂದು ಅಧ್ಯಾಯವೇ ಇದೆ. ಮೈಕೈ ನೋವು, ಅರುಚಿ, ಜ್ವರಗಳ ಜೊತೆಗೆ ತೃಷ್ಣೆಯನ್ನೂ, ಅಂದರೆ ಬಾಯಾರಿಕೆಯನ್ನೂ ಲಕ್ಷಣವಾಗಿ ಅವನು ಪಟ್ಟಿ ಮಾಡುತ್ತಾನೆ. "ನೋಡಿ, ನಮ್ಮವರಿಗೆ ಎಲ್ಲಾ ಗೊತ್ತಿತ್ತು" ಅಂತ ಫಾರ್ವರ್ಡ್ ಮಾಡುವ ಮುನ್ನ ಸ್ವಲ್ಪ ತಾಳಿ. ಅದೇ ಅಧ್ಯಾಯದಲ್ಲಿ, ರೋಗ ಉಲ್ಬಣವಾದಾಗ ಬಾಯಲ್ಲಿ ನೀರೂರುವುದನ್ನೂ ಹೇಳಿದೆ. ಹಾಗಾಗಿ ಆಮವಾತವನ್ನೂ ಇಂದಿನ ಒಣಬಾಯಿಯ ರೋಗವನ್ನೂ ಒಂದೇ ಅನ್ನಲು ಬರುವುದಿಲ್ಲ. ಕೀಲಿನ ರೋಗಿಯ ಬಾಯಿಯ ಸ್ಥಿತಿಯನ್ನೂ ಕೇಳಬೇಕು ಅನ್ನುವ ಅಭ್ಯಾಸ ಅವನಿಗೆ ಇತ್ತು, ಅಷ್ಟು ಧಾರಾಳವಾಗಿ ಹೇಳಬಹುದು.

ಯುರೋಪಿನಲ್ಲಿ ಕಥೆ ಬೇರೆ ಬೇರೆ ಕೋಣೆಗಳಲ್ಲಿ ನಡೆಯಿತು. 1800ರಲ್ಲಿ ಪ್ಯಾರಿಸ್ಸಿನ ಲಾಂದ್ರೆ-ಬೋವೇ ಎಂಬ ಯುವ ವೈದ್ಯ, ಸಾಲ್ಪೆತ್ರಿಯೇರ್ ಆಸ್ಪತ್ರೆಯ ಬಡ ಹೆಂಗಸರ ಕೀಲುಗಳನ್ನು ನೋಡಿ ಇದು ಸಾಮಾನ್ಯ ಗೌಟ್‌ಗಿಂತ ಬೇರೆ ಎಂದು ಬರೆದ. 1859ರಲ್ಲಿ ಲಂಡನ್ನಿನ ಆಲ್‌ಫ್ರೆಡ್ ಗ್ಯಾರಡ್ ತನ್ನ ಪುಸ್ತಕದಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಹೆಸರು ಕೊಟ್ಟ. ಇವರಿಬ್ಬರ ಹೆಸರು ಉಳಿದದ್ದು ಕೀಲಿನ ಕೆಲಸಕ್ಕೆ.

ಬಾಯಿಯ ಕಡೆಯವರು ಬಂದದ್ದು 1888ರಲ್ಲಿ. ಲಂಡನ್ನಿನ ಹ್ಯಾಡನ್ ಎಂಬ ವೈದ್ಯ ಬಾಯಿ ಪೂರ್ತಿ ಒಣಗಿದ್ದ, ಕಣ್ಣೀರೂ ಬಾರದಿದ್ದ ಒಬ್ಬ ಹೆಂಗಸಿನ ವಿವರ ಕೊಟ್ಟ. ಆಕೆಗೆ ಕೊಟ್ಟ ಔಷಧಿ ಜಬೊರಾಂಡಿ ಎಂಬ ಬ್ರೆಜಿಲ್ ಎಲೆಯ ಸಾರ. ಅಲ್ಲಿನ ಮೂಲನಿವಾಸಿಗಳ ಭಾಷೆಯಲ್ಲಿ ಆ ಹೆಸರಿನ ಅರ್ಥವೇ ಜೊಲ್ಲು ಸುರಿಸುವುದು ಅಂತ! 1870ರ ದಶಕದಲ್ಲಿ ಕೂಟಿನ್ಯೋ ಎಂಬ ಬ್ರೆಜಿಲ್ ವೈದ್ಯ ಅದನ್ನು ಪ್ಯಾರಿಸ್ಸಿಗೆ ಪರಿಚಯಿಸಿದ. 1875ರಲ್ಲಿ ಅದರಿಂದ ಪೈಲೊಕಾರ್ಪಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಈ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಅದೇ 1888ರಲ್ಲಿ ಮಿಕುಲಿಚ್ ಎಂಬ ಶಸ್ತ್ರವೈದ್ಯ, ಕಣ್ಣೀರಿನ ಗ್ರಂಥಿ ಮತ್ತು ಜೊಲ್ಲಿನ ಗ್ರಂಥಿ ಎರಡೂ ಊದಿಕೊಂಡಿದ್ದ ಒಬ್ಬ ರೈತನ ಬಗ್ಗೆ ಮಾತಾಡಿದ. ಅದಕ್ಕೊಂದು ಪ್ರತ್ಯೇಕ ಹೆಸರು ಬಂತು. ಹೀಗೆ ಕೀಲಿನವರದ್ದು ಒಂದು ಫೈಲು, ಬಾಯಿಯವರದ್ದು ಒಂದು, ಕಣ್ಣಿನವರದ್ದು ಇನ್ನೊಂದು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಒಂದೇ ಬಗ್‌ಗೆ ಮೂರು ಟೀಮುಗಳು ಮೂರು ಟಿಕೆಟ್ ತೆಗೆದು ಕೂತಿದ್ದವು.

ಮೂರನ್ನೂ ಜೋಡಿಸಿದವರಲ್ಲಿ ಹೆಸರು ಉಳಿದದ್ದು ಸ್ವೀಡನ್ನಿನ ಹೆನ್ರಿಕ್ ಶೋಗ್ರನ್‌ನದು (1899-1986). ಅವನು ಕಣ್ಣಿನ ಡಾಕ್ಟರು. ಕಣ್ಣು ಉರಿ ಅಂತ ಬಂದ ಹೆಂಗಸರು ಜೊತೆಗೆ ಬಾಯಿ ಒಣಗುತ್ತೆ, ಕೈಕಾಲು ಕೀಲು ನೋಯುತ್ತೆ ಅಂದರು. "ಅದು ನನ್ನ ವಿಭಾಗ ಅಲ್ಲಮ್ಮ" ಅಂತ ಅವನು ಅನ್ನಲಿಲ್ಲ. ರೋಸ್ ಬೆಂಗಾಲ್ ಎಂಬ ಬಣ್ಣ ಹಾಕಿ ಒಣಗಿದ ಕಣ್ಣುಗಳನ್ನು ಪರೀಕ್ಷಿಸಿ, 1933ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಬಂಧ ಬರೆದ. ಅದರಲ್ಲಿ 19 ಹೆಂಗಸರು, ಅವರಲ್ಲಿ 13 ಜನಕ್ಕೆ ಕೀಲುವಾತ. ಇದು ಇಡೀ ದೇಹದ ರೋಗ, ಕಣ್ಣು ಅದರ ಒಂದು ಮುಖ ಮಾತ್ರ ಅನ್ನುವುದು ಅವನ ವಾದ.

ವಿಶ್ವವಿದ್ಯಾಲಯಕ್ಕೆ ಪ್ರಬಂಧ ಅಷ್ಟೇನೂ ಹಿಡಿಸಲಿಲ್ಲ. ಅಧ್ಯಾಪಕನಾಗಲು ಬೇಕಾದಷ್ಟು ದರ್ಜೆ ಸಿಗದೆ, ಅವನು ಯೋನ್‌ಶೋಪಿಂಗ್ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸ ಮುಂದುವರಿಸಿದ. 1943ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ಬ್ರೂಸ್ ಹ್ಯಾಮಿಲ್ಟನ್ ಪ್ರಬಂಧವನ್ನು ಇಂಗ್ಲಿಷಿಗೆ ಅನುವಾದ ಮಾಡಿದ ಮೇಲೆಯೇ ಅದು ಹೆಚ್ಚು ಜನರಿಗೆ ತಲುಪಿದ್ದು. 1953ರಲ್ಲಿ ಅಮೆರಿಕದ ಮಾರ್ಗನ್ ಮತ್ತು ಕ್ಯಾಸಲ್‌ಮನ್, ಮಿಕುಲಿಚ್ ಹೆಸರಿನಲ್ಲಿ ಇಟ್ಟಿದ್ದ ಗ್ರಂಥಿಗಳ ತುಣುಕುಗಳನ್ನು ಮತ್ತೆ ನೋಡಿ, ಬಹುಪಾಲು ಶೋಗ್ರನ್ ರೋಗಕ್ಕೇ ಸೇರಿದ್ದು ಅಂದರು. 1965ರಲ್ಲಿ ಬ್ಲಾಕ್ ಮತ್ತು ಸಂಗಡಿಗರು 62 ರೋಗಿಗಳ ಅಧ್ಯಯನ ಪ್ರಕಟಿಸಿದರು. ದೇಹದ ರಕ್ಷಣೆಗೆ ಇರುವ ಬಿಳಿ ರಕ್ತಕಣಗಳು ತನ್ನದೇ ಗ್ರಂಥಿಗೆ ನುಗ್ಗುತ್ತವೆ, ಆರ್‌ಎಯಲ್ಲಿ ಕೀಲಿಗೆ ನುಗ್ಗುವ ಹಾಗೆಯೇ, ಎಂಬ ಚಿತ್ರ ನಿಧಾನಕ್ಕೆ ಸ್ಪಷ್ಟವಾಯಿತು. ಜಬೊರಾಂಡಿ ಎಲೆಯ ಪೈಲೊಕಾರ್ಪಿನ್ ಅಮೆರಿಕದಲ್ಲಿ ಶೋಗ್ರನ್ ರೋಗದ ಒಣಬಾಯಿಗೆ ಮಾತ್ರೆಯಾಗಿ ಒಪ್ಪಿಗೆ ಪಡೆದದ್ದು 1998ರಲ್ಲಿ. ಹ್ಯಾಡನ್‌ನ ಔಷಧಿಯಿಂದ 110 ವರ್ಷ!

ಇಷ್ಟೆಲ್ಲ ಯಾಕೆ ಕೊರೆದೆ ಅಂದರೆ, ಆ ಮೂರು ಕೋಣೆಗಳು ಇನ್ನೂ ಹಾಗೇ ಇವೆ. ಮತ್ತಿಕೆರೆಯ ರಾಮಯ್ಯ ಕ್ಯಾಂಪಸ್ಸಿನಲ್ಲಿ ಮೆಡಿಕಲ್ ಕಾಲೇಜೂ ಇದೆ, ಡೆಂಟಲ್ ಕಾಲೇಜೂ ಇದೆ. ಒಂದೇ ಆವರಣ, ಬೇರೆ ಬೇರೆ ವಿಭಾಗ. ಯಾವ ಊರಿನ ಯಾವ ಆಸ್ಪತ್ರೆಯಲ್ಲಾದರೂ ವ್ಯವಸ್ಥೆ ಹಾಗೆಯೇ ತಾನೇ? ಗೆಣ್ಣಿನ ವಿಷಯ ಒಂದು ಕಡೆ, ಹುಳುಕು ಹಲ್ಲಿನ ವಿಷಯ ಇನ್ನೊಂದು ಕಡೆ ಹೇಳಿ ಬಂದರೆ ಎರಡನ್ನೂ ಜೋಡಿಸುವವರು ಯಾರು?

ಯಲಹಂಕದಲ್ಲಿರುವ ನಮ್ಮ ದೊಡ್ಡಮ್ಮನಿಗೆ ಆರ್‌ಎ ಇದೆ. ಅವರು ಚಪಾತಿ ಬಿಟ್ಟು ರಾತ್ರಿಯೂ ಮುದ್ದೆಗೆ ಬಂದಾಗ ಮನೆಯವರೆಲ್ಲ ಡಯಟ್ ಅಂದುಕೊಂಡರು. ನಿಜ ಏನೆಂದರೆ, ಮುದ್ದೆ ಅಗಿಯುವ ಊಟ ಅಲ್ಲ, ಸಾರಿನಲ್ಲಿ ಅದ್ದಿ ನುಂಗುವ ಊಟ. ಜೊಲ್ಲಿನ ಕೆಲಸವನ್ನು ಸೊಪ್ಪಿನ ಸಾರು ಮಾಡುತ್ತಿತ್ತು. ಅವಲಕ್ಕಿ, ಹುರಿಗಾಳು, ಬಿಸ್ಕೆಟ್ ಎಲ್ಲ ಒಂದೊಂದಾಗಿ ತಟ್ಟೆಯಿಂದ ಮಾಯವಾಗಿದ್ದನ್ನು ಯಾರೂ ಗಮನಿಸಿರಲಿಲ್ಲ. ದೊಡ್ಡಮ್ಮನೂ ಹೇಳಿರಲಿಲ್ಲ. ಬಾಯಿ ಒಣಗೋದೂ ಒಂದು ಕಾಯಿಲೆನಾ ಅಂತ!

ಆರ್‌ಎ ಇರುವ ಎಲ್ಲರಿಗೂ ಇದು ಬರುವುದಿಲ್ಲ. ಬಾಯಿ ಒಣಗಿದವರಿಗೆಲ್ಲ ಶೋಗ್ರನ್ ಅಂತಲೂ ಅಲ್ಲ. ಅಲರ್ಜಿ ಮಾತ್ರೆ, ನೋವಿಗೂ ನಿದ್ದೆಗೂ ಕೊಡುವ ಅಮಿಟ್ರಿಪ್ಟಿಲಿನ್, ಸಕ್ಕರೆ ಕಾಯಿಲೆ ಇವೂ ಕಾರಣ ಇರಬಹುದು. ಹಾಗಂತ ನಾವೇ ಮಾತ್ರೆ ನಿಲ್ಲಿಸಬಾರದು, ಡಾಕ್ಟರಿಗೆ ಪಟ್ಟಿ ತೋರಿಸಬೇಕು. ಪೈಲೊಕಾರ್ಪಿನ್ ಕೂಡ ಕೇಳಿ ತೊಗೊಳ್ಳುವ ಮಾತ್ರೆಯೇ. ಬೆವರು ಹೆಚ್ಚಿಸುತ್ತದೆ, ಅಸ್ತಮಾ ಮತ್ತು ಕೆಲವು ಬಗೆಯ ಗ್ಲಾಕೋಮಾ ಇದ್ದವರಿಗೆ ಆಗಿಬರುವುದಿಲ್ಲ.

ದಿನನಿತ್ಯಕ್ಕೆ ಆಗುವಂಥವು: ಒಮ್ಮೆಲೇ ಲೋಟಗಟ್ಟಲೆ ಬದಲು ಆಗಾಗ ಗುಟುಕು ನೀರು, ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್, ಫ್ಲೋರೈಡ್ ಪೇಸ್ಟು, ಆರು ತಿಂಗಳಿಗೊಮ್ಮೆ ಹಲ್ಲಿನ ಡಾಕ್ಟರು. ನೆಲ್ಲಿಕಾಯಿ, ಹುಣಸೆ, ನಿಂಬೆ ಪೆಪ್ಪರಮೆಂಟು ಬಾಯಲ್ಲಿ ನೀರೂರಿಸುತ್ತವೆ ನಿಜ. ಆದರೆ ಜೊಲ್ಲಿನ ಕಾವಲಿಲ್ಲದ ಹಲ್ಲಿಗೆ ದಿನವಿಡೀ ಹುಳಿ ತಾಗಿದರೆ ಸವೆಯುತ್ತದೆ. ನಾಲಿಗೆ ಕೆಂಪಗಾಗಿ ಉರಿದರೆ ಫಂಗಸ್ ಇರಬಹುದು, ಅದಕ್ಕೆ ಔಷಧಿ ಇದೆ. ಕಿವಿಯ ಕೆಳಗೆ ಊತ ಬಂದು ಹೋಗದೇ ಉಳಿದರೆ ತೋರಿಸಲೇಬೇಕು.

2002ರಲ್ಲಿ ಅಮೆರಿಕ-ಯುರೋಪಿನ ತಜ್ಞರು ಸೇರಿ ಮಾಡಿದ ಮಾನದಂಡದಲ್ಲಿ ಕೆಲವು ಸರಳ ಪ್ರಶ್ನೆಗಳಿವೆ. ನಿಮ್ಮ ಮನೆಯಲ್ಲಿ ಆರ್‌ಎ ಇರುವ ಅಮ್ಮನೋ, ಅತ್ತೆಯೋ, ಅಜ್ಜಿಯೋ ಇದ್ದರೆ ಇವತ್ತೇ ಕೇಳಿ ನೋಡಿ.

ಮೂರು ತಿಂಗಳಿಗೂ ಹೆಚ್ಚು ಕಾಲದಿಂದ ದಿನಾ ಬಾಯಿ ಒಣಗುತ್ತಿದೆಯಾ?
ಒಣ ತಿಂಡಿ ನುಂಗಲು ಆಗಾಗ ನೀರು ಬೇಕಾ?
ಕಣ್ಣಲ್ಲಿ ಮರಳು ಬಿದ್ದ ಹಾಗೆ ಮತ್ತೆ ಮತ್ತೆ ಅನ್ನಿಸುತ್ತಾ?

ಹೌದು ಅಂದರೆ, ಮುಂದಿನ ಸಲ ಕೀಲಿನ ಡಾಕ್ಟರ ಬಳಿ ಹೋದಾಗ ಬಾಯಿಯ ವಿಷಯವನ್ನೂ ಹೇಳಲಿ. ಹಲ್ಲಿನ ಡಾಕ್ಟರಿಗೆ ಕೀಲಿನ ವಿಷಯ ಹೇಳಲಿ. ಶೋಗ್ರನ್‌ನ ಬಳಿ ಬಂದ ಹೆಂಗಸರು ಮಾಡಿದ್ದೂ ಇಷ್ಟೇ, ಎಲ್ಲವನ್ನೂ ಒಬ್ಬರ ಮುಂದೆಯೇ ಹೇಳಿಕೊಂಡರು.