ಹೊರಮಗುಚಿದ ರೆಪ್ಪೆ

ಕಣ್ಣನ್ನು ಮುಚ್ಚುವುದಕ್ಕೆಂದೇ ಇರುವ ಸ್ನಾಯುವು ಬಲವಾಗಿ ಸೆಳೆತಗೊಂಡಾಗ ಕಣ್ಣು ಇನ್ನಷ್ಟು ಬಿಗಿಯಾಗಿ ಮುಚ್ಚಬೇಕಲ್ಲದೆ, ರೆಪ್ಪೆಯು ತನ್ನ ಕೆಂಪನೆಯ ಒಳಮೈಯನ್ನು ಹೊರಗೆ ಮಾಡಿ ಮಗುಚಿಕೊಳ್ಳುವುದು ಹೇಗೆ? ಮೇಲುನೋಟಕ್ಕೆ ಅಸಂಗತವಾಗಿ ತೋರುವ ಈ ವಿಕಾರದ ಕಾರಣವನ್ನು ತಿಳಿಯಬೇಕಾದರೆ ಮೊದಲು ಸ್ನಾಯುವಿನ ವ್ಯಾಪಾರವನ್ನು ತಿಳಿಯಬೇಕಾಗಿದ್ದಿತು. ಆ ತಿಳಿವು ಕತ್ತಿಯ ಕೌಶಲಕ್ಕಿಂತ ಬಹಳ ತಡವಾಗಿ ಬಂದಿತು.

ಮಗುಚಿದ ರೆಪ್ಪೆಯೇನೋ ಪ್ರಾಚೀನರಿಗೆ ಸುಪರಿಚಿತವೇ. ಕ್ರಿ.ಶ. 1ನೆಯ ಶತಮಾನದ ರೋಮನ್ ಗ್ರಂಥಕಾರನಾದ ಸೆಲ್ಸಸನು, ಮುಪ್ಪಿನಿಂದ ಜೋತುಬಿದ್ದ ಕೆಳರೆಪ್ಪೆಯನ್ನು ಹೊರಗಡೆಯಿಂದ ಸಣ್ಣ ಕಾದ ಕಬ್ಬಿಣದಿಂದ ಸುಟ್ಟು ಜೇನು ಸವರಬೇಕೆಂದೂ, ಹಿಂದಿನ ಚಿಕಿತ್ಸೆ ಕೆಟ್ಟು ಮಗುಚಿದ್ದರೆ ಚರ್ಮವನ್ನು ಅರ್ಧಚಂದ್ರಾಕಾರವಾಗಿ ಕೊಯ್ದು ಸಡಿಲಿಸಬೇಕೆಂದೂ ಬರೆದನು. ನಮ್ಮ ಸುಶ್ರುತಸಂಹಿತೆಯ ಉತ್ತರತಂತ್ರವು ರೆಪ್ಪೆಯ ರೋಗಗಳನ್ನೇ 21 ಎಂದು ಎಣಿಸಿ, ಕೂದಲು ಒಳಕ್ಕೆ ತಿರುಗಿ ಕಣ್ಣನ್ನು ಚುಚ್ಚುವ ಪಕ್ಷ್ಮಕೋಪದಲ್ಲಿ, ಹುಬ್ಬಿನ ಕೆಳಗೆ ಜವೆಯಷ್ಟು ಚರ್ಮವನ್ನು ತೆಗೆದು ಕೂದಲಿನಿಂದ ಹೊಲಿಯುವ ಕ್ರಮವನ್ನು ವಿಧಿಸುತ್ತದೆ. ಇದು ವಿಪರೀತ ದಿಕ್ಕಿನ ದೋಷಕ್ಕೆ ಹೇಳಿದ ಚಿಕಿತ್ಸೆಯಾದರೂ, ಚರ್ಮ ಕುಗ್ಗಿದರೆ ರೆಪ್ಪೆಯ ಅಂಚು ಹೊರಕ್ಕೆ ಎಳೆಯಲ್ಪಡುವುದೆಂಬ ಸತ್ಯವನ್ನು ಅಷ್ಟು ಹಿಂದೆಯೇ ಕೈಯಿಂದ ಬಲ್ಲವರಾಗಿದ್ದ ಆ ವೈದ್ಯರ ವಿಷಯದಲ್ಲಿ ನನಗೆ ಅಪಾರವಾದ ಗೌರವವುಂಟು.

ಯೂರೋಪಿನಲ್ಲಿ ಈ ವಿಷಯವನ್ನು ಮತ್ತೆ ಮುಂದಕ್ಕೆ ತಂದುದು ಯುದ್ಧ. 1798ರಲ್ಲಿ ನೆಪೋಲಿಯನ್ನನ ಸೇನೆಯೂ, 1801ರಲ್ಲಿ ಆಂಗ್ಲರ ಸೇನೆಯೂ ಈಜಿಪ್ಟಿನಲ್ಲಿ ಇಳಿದು, ಕೀವು ಸುರಿಯುವ ಭಯಂಕರವಾದ ಕಣ್ಣುಬೇನೆಯನ್ನು ಹೊತ್ತು ಸ್ವದೇಶಕ್ಕೆ ಮರಳಿದುವು. ಬೇನೆ ಇಳಿದವರಲ್ಲಿಯೂ ಅನೇಕರ ರೆಪ್ಪೆಗಳು ದಪ್ಪವಾಗಿ ಹೊರಳಿಯೇ ಉಳಿದುವು. ಲಂಡನ್ನಿನ ವಿಲಿಯಂ ಆಡಮ್ಸನು ಹಿಗ್ಗಿದ ರೆಪ್ಪೆಯಿಂದ ಬೆಣೆಯಾಕಾರದ ತುಂಡೊಂದನ್ನು ಪೂರ್ಣವಾಗಿ ಕತ್ತರಿಸಿ ಅಂಚುಗಳನ್ನು ಕೂಡಿಸುವ ತನ್ನ ವಿಧಾನವನ್ನು 1812ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಹಿಗ್ಗಿದ ರೆಪ್ಪೆಗೆ ಅದು ಯುಕ್ತವಾದ ಚಿಕಿತ್ಸೆಯೇ. ಇಂದಿನ ಶಸ್ತ್ರಕ್ರಮಗಳೂ ಅದರ ವಂಶಜರು. ಆದರೆ ಹಿಗ್ಗದೆಯೇ ಮಗುಚಿದ ರೆಪ್ಪೆಗೆ ಅದು ಉತ್ತರವಲ್ಲ.

ಉತ್ತರಕ್ಕೆ ದಾರಿಯಾದುದು ನರಗಳ ಪರಿಶೀಲನೆ. 1821ರಲ್ಲಿ ಚಾರ್ಲ್ಸ್ ಬೆಲ್ಲನು ಮುಖದ ನರಗಳನ್ನು ಕುರಿತ ಪ್ರಬಂಧವನ್ನು ರಾಯಲ್ ಸೊಸೈಟಿಯ ಮುಂದಿಟ್ಟ ಮೇಲೆ, ಸ್ನಾಯು ಸೋತು ರೆಪ್ಪೆ ಜೋಲುವುದು ಏಕೆಂಬುದು ಸ್ಪಷ್ಟವಾಯಿತು. 1862ರಲ್ಲಿ ಫ್ರಾನ್ಸಿನ ದ್ಯುಶೆನ್ನನು ವಿದ್ಯುತ್ತನ್ನು ಹರಿಯಿಸಿ ಮುಖದ ಒಂದೊಂದು ಸ್ನಾಯುವನ್ನೂ ಪ್ರತ್ಯೇಕವಾಗಿ ಕುಣಿಸಿ ತೋರಿಸಿದನು. ಕಣ್ಣನ್ನು ಸುತ್ತಿದ ಆ ವರ್ತುಲಸ್ನಾಯುವು ಏಕಖಂಡವಲ್ಲ. ರೆಪ್ಪೆಯ ಫಲಕದ ಮೇಲೊಂದು ಭಾಗ, ಅದರಾಚೆ ಮತ್ತೊಂದು, ಎಲುಬಿನಂಚಿನಲ್ಲಿ ಇನ್ನೊಂದು. ಒಳಪೊರೆಯು ಉರಿಯೂತದಿಂದ ಊದಿಕೊಂಡು ಅಂಚನ್ನು ಗುಡ್ಡೆಯಿಂದ ದೂರ ತಳ್ಳಿದಾಗ, ಅಂಚಿನ ಎಳೆಗಳು ಹಿಡಿತ ತಪ್ಪಿ, ಹೊರಗಿನ ಎಳೆಗಳ ಸೆಳೆತಕ್ಕೆ ರೆಪ್ಪೆಯು ತಟ್ಟನೆ ಹೊರಳುತ್ತದೆ; ಹೊರಳಿದ ಮೇಲೆ ಅದೇ ಸ್ನಾಯುವು ಚೀಲದ ಬಾಯಿಗೆ ಬಿಗಿದ ದಾರದಂತೆ ಬುಡವನ್ನು ಅದುಮಿ, ರಕ್ತ ಹಿಂದಿರುಗದಂತೆ ತಡೆದು, ಊತವನ್ನು ಹೆಚ್ಚಿಸುತ್ತದೆ; ಹೆಚ್ಚಿದ ಊತವು ಸೆಳೆತವನ್ನು ಹೆಚ್ಚಿಸುತ್ತದೆ. ಚರ್ಮ ಬಿಗಿಯಾಗಿರುವ ಎಳೆಯರಲ್ಲಿಯೇ ಇದು ಹೆಚ್ಚು. ಕಣ್ಣುಬೇನೆಯಿಂದ ನರಳುವ ಹಸುಗೂಸು ಕಿರುಚಿ ಅತ್ತಾಗ ಮೇಲುರೆಪ್ಪೆಯು ಮಗುಚಿಕೊಳ್ಳುವುದುಂಟು.

ಇಲ್ಲಿ ವೈದ್ಯನ ಕರ್ತವ್ಯವು ಕತ್ತರಿಸುವುದಲ್ಲ. ರೆಪ್ಪೆಯನ್ನು ಮೃದುವಾಗಿ ಸ್ವಸ್ಥಾನಕ್ಕೆ ತಿರುಗಿಸಿ, ಬೇಕಾದರೆ ಪಟ್ಟಿ ಕಟ್ಟಿ, ಉರಿಯೂತದ ಮೂಲವನ್ನು ಶಮನಗೊಳಿಸಿದರೆ ಬಹುಮಟ್ಟಿಗೆ ಸೆಳೆತವು ತಾನಾಗಿಯೇ ಸಡಿಲುತ್ತದೆ. ಮೂಲವನ್ನೇ ತಡೆದ ಮಹೋಪಕಾರಿಯೆಂದರೆ ಲೈಪ್‌ಜಿಗ್ಗಿನ ಪ್ರಸೂತಿವೈದ್ಯನಾದ ಕಾರ್ಲ್ ಕ್ರೆಡೆ. ನವಜಾತ ಶಿಶುವಿನ ಕಣ್ಣಿಗೆ ನೂರಕ್ಕೆ ಎರಡು ಪಾಲಿನ ಸಿಲ್ವರ್ ನೈಟ್ರೇಟಿನ ತೊಟ್ಟನ್ನು ಹಾಕುವ ಕ್ರಮವನ್ನು ಅವನು 1881ರಲ್ಲಿ ಪ್ರಕಟಿಸಿದನು. ಅವನ ಆಸ್ಪತ್ರೆಯಲ್ಲಿ ನೂರಕ್ಕೆ ಸುಮಾರು ಹತ್ತರಷ್ಟಿದ್ದ ಶಿಶುಗಳ ಕಣ್ಣುಬೇನೆಯು ಒಂದಕ್ಕಿಂತಲೂ ಕೆಳಗಿಳಿಯಿತು.

ನಮ್ಮ ಮನೆಗಳಲ್ಲಿ ಕೂಸಿನ ಕಣ್ಣು ಕೆಂಪಾದರೆ ಎದೆಹಾಲನ್ನೋ ಹರಳೆಣ್ಣೆಯನ್ನೋ ಬಿಟ್ಟು ಎರಡು ದಿನ ಕಾಯುವ ರೂಢಿಯಿದೆ. ಕೀವು ಸುರಿಯುತ್ತಿರುವ, ರೆಪ್ಪೆ ಹೊರಳುತ್ತಿರುವ ಕಣ್ಣಿಗೆ ಆ ಎರಡು ದಿನಗಳ ಅವಕಾಶವಿಲ್ಲ. ಅಂತಹ ಕೂಸನ್ನು ಅಂದೇ ಕಣ್ಣಿನ ವೈದ್ಯರಿಗೆ ತೋರಿಸಬೇಕೆಂದು ಹಿರಿಯರನ್ನು ಬೇಡಿಕೊಳ್ಳುತ್ತೇನೆ.