ನಾಯಿಗೊಂದು ವೀರಗಲ್ಲು

ವಿಚಿತ್ರ ನೋಡಲು ನಾವು ದೂರ ಹೋಗಬೇಕಿಲ್ಲ. ಸಂಜೆ ಕೆರೆ ಏರಿ, ಹಾಳುಗುಡಿ, ಊರಬಾಗಿಲ ಕಡೆ ನಡೆದರೆ ಅರ್ಧ ಹೂತ ವೀರಗಲ್ಲು ಸಿಕ್ಕರೂ ಸಿಗಬಹುದು.

ಅದನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ತುದಿಯಲ್ಲಿ ಸೂರ್ಯ, ಚಂದ್ರ: ಅವರಿರುವ ತನಕ ಈ ನೆನಪೂ ಇರಲಿ ಎಂದು. ಕೆಳಗೆ ದನಗಳಿದ್ದರೆ ಅದು ತುರುಗೊಳ್, ಅಂದರೆ ದನಗಳ್ಳರ ಜೊತೆ ಹೋರಾಡಿ ಸತ್ತವನ ಕಲ್ಲು.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕಲ್ಲಿನ ಮೇಲೆ ಮನುಷ್ಯರೇ ಇಲ್ಲ. ಇರುವುದು ನಾಯಿ ಮತ್ತು ಹಂದಿ! ಕಾಲ ಕ್ರಿ.ಶ. 949-50. ತಕ್ಕೋಲದಲ್ಲಿ ಚೋಳರ ಮೇಲೆ ನಡೆದ ಯುದ್ಧದಲ್ಲಿ ಮಣಲೆರ ಶೌರ್ಯ ತೋರಿದ. ಮೆಚ್ಚಿದ ಗಂಗ ದೊರೆ ಬೂತುಗ 'ಏನು ಬೇಕು ಕೇಳು' ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ದೊಡ್ಡ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಆತ ಕಾಳಿಗೆ ಕಲ್ಲು ನೆಡಿಸಿ, ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದ.

ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಭದ್ರವಾಗಿದೆ. ನಮ್ಮೂರುಗಳ ಕಲ್ಲುಗಳಿಗೆ ಆ ಭಾಗ್ಯವಿಲ್ಲ. ಬಟ್ಟೆ ಒಗೆಯಲು, ಮೋರಿ ಮುಚ್ಚಲು, ರಸ್ತೆ ಅಗಲ ಮಾಡುವಾಗ ಜೆಸಿಬಿ ಬಾಯಿಗೆ ಹೋಗುತ್ತಿವೆ. ಅಕ್ಷರ ಸವೆದರೆ ಇನ್ನೊಬ್ಬ ಕಾಳಿಯ ಕಥೆ ಹೋದಂತೆಯೇ. ಕಂಡಲ್ಲಿ ಫೋಟೊ ತೆಗೆದಿಡಿ, ಜಾಗ ಬರೆದಿಡಿ, ಪಂಚಾಯಿತಿಗೆ ತಿಳಿಸಿ. ಕಲ್ಲನ್ನು ಮಾತ್ರ ಕದಲಿಸಬೇಡಿ.