ತೋಪಿನ ನೆರಳು, ಹಿರಿಯರ ನಡಿಗೆ

ವಯಸ್ಸಾದವರಿಗೆ ವೈದ್ಯರು ಹೇಳುವ ಮಾತುಗಳಲ್ಲಿ ‘ದಿನಾ ಸ್ವಲ್ಪ ನಡೆಯಿರಿ’ ಎಂಬುದು ತಪ್ಪುವುದಿಲ್ಲ. ಎಲ್ಲಿ ನಡೆಯಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ. ಬೆಂಗಳೂರಿನಲ್ಲಾದರೆ ಲಾಲ್‌ಬಾಗ್ ಉಂಟು, ಕಬ್ಬನ್ ಪಾರ್ಕ್ ಉಂಟು. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲ ತಾಲ್ಲೂಕುಗಳ ಹಳ್ಳಿಯ ಅಜ್ಜ-ಅಜ್ಜಿಯರು ಎಲ್ಲಿಗೆ ಹೋಗಬೇಕು? ಇದಕ್ಕೆ ಹಿಂದಿನವರು ಊರಂಚಿನಲ್ಲೇ ಒಂದು ಉತ್ತರವನ್ನು ನೆಟ್ಟುಹೋಗಿದ್ದರು. ಅದರ ಹೆಸರು ಗುಂಡುತೋಪು.

ತೋಪು ಕಾಡಲ್ಲ, ಯಾರೊಬ್ಬರ ತೋಟವೂ ಅಲ್ಲ, ಊರಿನ ಸ್ವತ್ತು. ಮಾವು, ನೇರಳೆ, ಹಲಸು, ಹೊಂಗೆ, ಹುಣಸೆ, ಇಪ್ಪೆ ಇವು ಅಲ್ಲಿನ ಸಾಮಾನ್ಯ ಮರಗಳು. ಅಂತರ ಬಿಟ್ಟು ನೆಟ್ಟಿದ್ದರಿಂದ ಮೇಲೆ ಕೊಂಬೆಗಳು ಕೂಡಿ ಚಪ್ಪರವಾದರೂ ಕೆಳಗೆ ಪೊದೆಯಿಲ್ಲದ ಬಯಲು. ಸಂತೆಗೋ ಜಾತ್ರೆಗೋ ಹೊರಟವರು ಇಲ್ಲಿ ಗಾಡಿ ಬಿಟ್ಟು, ಎತ್ತುಗಳಿಗೆ ಮೇವು ಹಾಕಿ, ಬುತ್ತಿ ಬಿಚ್ಚುತ್ತಿದ್ದರು. ಫಸಲನ್ನು ಹರಾಜು ಹಾಕುವುದೂ ಇತ್ತು. ಹಾಗೆ ನೋಡಿದರೆ ತೋಪು ಹುಟ್ಟಿದ್ದು ಮುದುಕರಿಗಾಗಿ ಅಲ್ಲ, ದಾರಿಗರಿಗೂ ದನಗಳಿಗೂ. ಆದರೆ ಎತ್ತಿಗೆ ಹಿತವಾದ ಸಮತಟ್ಟು ನೆಲ, ತಂಪು ನೆರಳು ಕೋಲೂರಿ ನಡೆಯುವವರಿಗೂ ಹಿತವಾಯಿತು.

ಊರೊಳಗೆ ಇದರ ಜೊತೆಗಾರ ಅರಳಿಕಟ್ಟೆ. ಅರಳಿ, ಬೇವಿನ ಜೋಡಿಮರ, ಬುಡದಲ್ಲಿ ನಾಗರಕಲ್ಲು, ಸುತ್ತ ಕಲ್ಲಿನ ಜಗಲಿ. ಮಂಡಿನೋವಿನ ಅಜ್ಜಿಗೆ ‘ವಾಕಿಂಗ್ ಹೋಗು’ ಎಂದರೆ ನಕ್ಕಾಳು. ‘ಅರಳಿಮರಕ್ಕೆ ಸುತ್ತು ಬಂದೆಯಾ’ ಎಂದರೆ ಸೆರಗು ಸರಿಮಾಡಿಕೊಂಡು ಎದ್ದಾಳು. ಐದು ಸುತ್ತೋ ಒಂಬತ್ತು ಸುತ್ತೋ, ಅವರವರ ಶಕ್ತಿ. ದಣಿದರೆ ಅಲ್ಲೇ ಕೂರಬಹುದು, ಮಾತಿಗೆ ಜನವೂ ಇರುತ್ತಾರೆ. ಎಲ್ಲ ಕೇರಿಯವರೂ ಆ ಕಟ್ಟೆ ಏರುವಂತಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ತೋಪುಗಳಲ್ಲೆಲ್ಲ ಹೆಸರಾದದ್ದು ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು. 54 ಎಕರೆ, ಸುಮಾರು 300 ಮರ. ಚೋಳರ ಕಾಲದ್ದೆಂದು ಜನರ ನಂಬಿಕೆ. ಹನ್ನೊಂದನೆಯ ಶತಮಾನದಲ್ಲಿ ಈ ಸೀಮೆ ಚೋಳರ ಕೈಯಲ್ಲಿದ್ದುದು ನಿಜ. ಆದರೆ ಇಂಗಾಲ ಪರೀಕ್ಷೆಯಲ್ಲಿ ಇಲ್ಲಿನ ಮರವೊಂದಕ್ಕೆ ಸಿಕ್ಕಿದ ವಯಸ್ಸು ಸುಮಾರು ನಾನೂರು ವರ್ಷ. ಅದೇನು ಕಡಿಮೆಯೇ? ಹುಣಸೆಯಲ್ಲಿ ದೆವ್ವವಿದೆಯೆಂದು ಮಕ್ಕಳನ್ನು ಹೆದರಿಸುವ ನಾಡಿನಲ್ಲೇ ಇಷ್ಟು ದೊಡ್ಡ ತೋಪು ಉಳಿದುಬಂದಿದೆ. ಈ ಮರದ ತವರು ಆಫ್ರಿಕ. ಆದರೂ ಅರಬರು ಇದನ್ನು ‘ತಮರ್ ಹಿಂದಿ’, ಅಂದರೆ ಭಾರತದ ಖರ್ಜೂರ, ಎಂದು ಕರೆದರು. ಇಂಗ್ಲಿಷಿನ ‘ಟ್ಯಾಮರಿಂಡ್’ ಹುಟ್ಟಿದ್ದು ಅದರಿಂದಲೇ. 2002ರ ಜೀವವೈವಿಧ್ಯ ಕಾಯ್ದೆಯಡಿ 2007ರಲ್ಲಿ ನಲ್ಲೂರು ತೋಪನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ದೇಶದಲ್ಲೇ ಮೊದಲನೆಯದು.

ಮರುವರ್ಷ, 2008ರ ಮೇ ತಿಂಗಳಲ್ಲಿ, ಅದೇ ತಾಲ್ಲೂಕಿನಲ್ಲಿ ವಿಮಾನ ನಿಲ್ದಾಣ ತೆರೆಯಿತು. ಗುಂಟೆ ಲೆಕ್ಕದ ನೆಲಕ್ಕೆ ಚದರಡಿ ಲೆಕ್ಕದ ಬೆಲೆ ಬಂತು. ನಲ್ಲೂರಿಗೆ ಸಿಕ್ಕ ರಕ್ಷಣೆ ಹೆಸರಿಲ್ಲದ ಸಣ್ಣ ತೋಪುಗಳಿಗೆ ಸಿಗಲಿಲ್ಲ. ಪಹಣಿಯಲ್ಲಿ ‘ಗುಂಡುತೋಪು’ ಎಂದಿದ್ದು, ಹೋಗಿ ನೋಡಿದರೆ ಕಟ್ಟಡವೋ ರಸ್ತೆಯೋ ಇರುವುದು ಹೊಸ ಸಂಗತಿಯೇನಲ್ಲ.

ಈ ನಡುವೆ ಮರಗಳ ನಂಟಿನ ಗುಣವನ್ನು ಹೊರಗಿನವರು ಲೆಕ್ಕಹಾಕಿ ತೋರಿಸಿದರು. 1982ರಲ್ಲಿ ಜಪಾನಿನ ಅರಣ್ಯ ಇಲಾಖೆ ಕಾಡಿನಲ್ಲಿ ನಿಧಾನವಾಗಿ ಸುತ್ತಾಡುವುದಕ್ಕೆ ‘ಶಿನ್‌ರಿನ್ ಯೋಕು’, ಅಂದರೆ ಕಾಡಿನ ಮೀಹ, ಎಂದು ಹೆಸರಿಟ್ಟಿತು. 1984ರಲ್ಲಿ ಅಮೆರಿಕದ ರೋಜರ್ ಉಲ್ರಿಚ್, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಹೋಲಿಸಿದರು. ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆಯನ್ನೇ ನೋಡುತ್ತ ಮಲಗಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ಬರಿಯ ನೋಟಕ್ಕೇ ಇಷ್ಟಾದರೆ ನೆರಳಿನಲ್ಲಿ ನಾಲ್ಕು ಹೆಜ್ಜೆ ನಡೆದವರಿಗೆ ಎಷ್ಟಾದೀತು!

ನಮ್ಮ ಅರಣ್ಯ ಇಲಾಖೆಯೂ ಸಾಲುಮರದ ತಿಮ್ಮಕ್ಕನವರ ಹೆಸರಿನಲ್ಲಿ ವೃಕ್ಷೋದ್ಯಾನಗಳನ್ನು ಮಾಡಿದೆ. ಒಳ್ಳೆಯದೇ. ಆದರೆ ಬಸ್ಸು ಹತ್ತಿ ಹೋಗಬೇಕಾದ ಉದ್ಯಾನಕ್ಕೂ ಮನೆಯಿಂದ ನಡೆದೇ ಮುಟ್ಟಬಹುದಾದ ತೋಪಿಗೂ ವ್ಯತ್ಯಾಸವುಂಟು. ಉಳಿದಿರುವ ತೋಪಿಗೆ ಬೇಕಾದದ್ದೂ ಹೆಚ್ಚೇನಲ್ಲ. ಗಾಲಿಕುರ್ಚಿ ಉರುಳುವಷ್ಟು ಗಟ್ಟಿಯಾದ ಮಣ್ಣಿನ ದಾರಿ, ಐವತ್ತು ಹೆಜ್ಜೆಗೊಂದು ಕಲ್ಲಿನ ಆಸನ, ಕುಡಿಯಲು ನೀರು, ಶೌಚಾಲಯ. ನುಣುಪಾದ ಟೈಲ್ಸ್ ಮಾತ್ರ ಬೇಡ. ಮಳೆ ಬಿದ್ದರೆ ಜಾರುತ್ತದೆ.

ಹಿರಿಯರನ್ನು ನಲ್ಲೂರಿಗೆ ಕರೆದೊಯ್ಯುವವರು ಬಿಸಿಲೇರುವ ಮುನ್ನ ತಲುಪುವುದು ಲೇಸು. ಮೇ-ಜೂನ್ ಸುಮಾರಿಗೆ ಹೋದರೆ, ಕೆಂಪು ಗೆರೆಗಳಿರುವ ಹುಣಸೆಯ ಪುಟ್ಟ ಹಳದಿ ಹೂಗಳು ಕಾಣಸಿಕ್ಕಾವು. ಹಳೆಯ ಮರಗಳ ಬುಡದಲ್ಲಿ ಬೇರುಗಳು ಎದ್ದಿರುತ್ತವೆ, ಕೋಲು ಮರೆಯಬಾರದು.